ಮೈಯೊಳಗೆ ಉಳಿದ ಗುಂಡು: ಸೀಸದ ವಿಷ ಮತ್ತು ವಹಿಸತಕ್ಕ ಎಚ್ಚರ

ಕೋವಿಯ ಗುಂಡು ತಗಲಿ ಆಸ್ಪತ್ರೆ ಸೇರಿದ ಮನುಷ್ಯನು, ರಕ್ತಸ್ರಾವ ನಿಂತು, ಮುರಿದ ಎಲುಬು ಕೂಡಿ, ಗಾಯ ಮಾಯ್ದು ಮನೆಗೆ ಹೊರಡುವ ದಿನದಲ್ಲಿಯೂ ಅವನ ಶರೀರದೊಳಗೆ ಆ ಗುಂಡಾಗಲಿ ಅದರ ಚೂರುಗಳಾಗಲಿ ಉಳಿದೇ ಇರುವುದು ಅಪರೂಪದ ಸಂಗತಿಯೇನೂ ಅಲ್ಲ. ತೆಗೆಯಹೋದರೆ ಆಗುವ ಅಪಾಯವು ಬಿಟ್ಟರೆ ಆಗುವ ಅಪಾಯಕ್ಕಿಂತ ಹೆಚ್ಚಿನದು, ಆದಕಾರಣ ಅದು ಅಲ್ಲಿಯೇ ಇರಲಿ, ಅದರಿಂದ ತೊಂದರೆಯಿಲ್ಲ ಎಂದು ಶಸ್ತ್ರವೈದ್ಯರು ಹೇಳಿ ಕಳುಹಿಸುತ್ತಾರೆ. ಈ ಮಾತಿನ ಪೂರ್ವಾರ್ಧವು ಬಹುಮಟ್ಟಿಗೆ ನಿಜ. ಉತ್ತರಾರ್ಧವನ್ನು ಮಾತ್ರ ಜೀವಮಾನಕ್ಕೆಲ್ಲ ಕೊಟ್ಟ ಅಭಯವೆಂದು ಯಾರೂ ಭಾವಿಸತಕ್ಕದ್ದಲ್ಲ. ಏಕೆಂದರೆ ಬಹುತೇಕ ಗುಂಡುಗಳ ತಿರುಳು ಸೀಸ. ಗಡಸುತನ ಬರಲೆಂದು ಕೊಂಚ ಆಂಟಿಮನಿ ಬೆರೆಸಿ, ಹಲವು ಗುಂಡುಗಳಿಗೆ ಮೇಲೆ ತಾಮ್ರದ ಕವಚವನ್ನು ತೊಡಿಸಿದರೂ, ಎಲುಬಿಗೆ ಬಡಿದೊಡನೆ ಆ ಕವಚ ಸೀಳಿ ಒಳಗಿನ ಮೆತ್ತನೆಯ ಸೀಸ ನುಚ್ಚುನುಚ್ಚಾಗಿ ಸುತ್ತಲ ಮಾಂಸದಲ್ಲಿ ಚೆದುರಿ ಹೋಗುತ್ತದೆ. ಬಿಟ್ಟದ್ದು ತಪ್ಪಲ್ಲ, ಬಿಟ್ಟು ಮರೆತದ್ದು ತಪ್ಪು. ರೋಗಿಯೂ ಅವನ ಮನೆಯವರೂ ಮುಂದೆ ಅವನನ್ನು ನೋಡುವ ವೈದ್ಯರೂ ಏನೇನನ್ನು ನೆನಪಿಡಬೇಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗುಂಡನ್ನು ಒಳಗೇ ಬಿಡುವ ಪದ್ಧತಿ ವೈದ್ಯರ ಅಲಕ್ಷ್ಯದಿಂದ ಹುಟ್ಟಿದುದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡರ ಬೆನ್ನಿಗೆ ಗುಂಡು ಬಿದ್ದಾಗ, ಅವರ ಸುತ್ತ ನೆರೆದ ವೈದ್ಯರು ತೊಳೆಯದ ಬೆರಳುಗಳನ್ನೂ ಸಲಾಕೆಗಳನ್ನೂ ಗಾಯದೊಳಗೆ ತೂರಿಸಿ ದಿನಗಟ್ಟಲೆ ಆ ಗುಂಡನ್ನು ಅರಸಿದರು. ದೂರವಾಣಿಯನ್ನು ನಿರ್ಮಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಲೋಹವನ್ನು ಪತ್ತೆಹಚ್ಚುವ ವಿದ್ಯುದ್ಯಂತ್ರವೊಂದನ್ನು ಹೊತ್ತು ತಂದು ಪ್ರಯತ್ನಿಸಿದರೂ ಅದು ಸಿಕ್ಕಲಿಲ್ಲ. ಮೈಯೆಲ್ಲ ಕೀವಾಗಿ, ನಂಜೇರಿ, ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಶವಪರೀಕ್ಷೆಯಲ್ಲಿ ನೋಡಿದರೆ ಗುಂಡು ಮೇದೋಜೀರಕ ಗ್ರಂಥಿಯ ಬಳಿ, ದೇಹವು ತಾನೇ ಅದರ ಸುತ್ತ ಹೆಣೆದ ಪೊರೆಯೊಳಗೆ, ಯಾರ ಗೊಡವೆಗೂ ಹೋಗದೆ ಕುಳಿತಿತ್ತು. ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಗುಂಡಿನ ಹುಡುಕಾಟ. 1912ರ ಅಕ್ಟೋಬರಿನಲ್ಲಿ ಮಿಲ್ವಾಕಿ ನಗರದಲ್ಲಿ ಥಿಯೋಡರ್ ರೂಸ್ವೆಲ್ಟರ ಎದೆಗೆ ಗುಂಡು ಹೊಕ್ಕಾಗ ವೈದ್ಯರು ಅದನ್ನು ಮುಟ್ಟಲಿಲ್ಲ. 1919ರಲ್ಲಿ ಸಾಯುವವರೆಗೂ ಅವರು ಅದನ್ನು ಹೊತ್ತೇ ಬಾಳಿದರು. ಮುಖ್ಯ ರಕ್ತನಾಳ, ನರ, ಮಿದುಳು, ಬೆನ್ನುಹುರಿಗಳ ಸಮೀಪದಲ್ಲಿ ಕುಳಿತ ಚೂರನ್ನು ಕೆದಕದಿರುವುದು ಇಂದಿಗೂ ವಿವೇಕವೇ.

ಹಾಗಾದರೆ ಯಾವ ಗುಂಡು ಸುಮ್ಮನಿರುತ್ತದೆ, ಯಾವುದು ಸುಮ್ಮನಿರುವುದಿಲ್ಲ? ಇದರ ಉತ್ತರವೆಲ್ಲ ಅದು ಕುಳಿತ ಸ್ಥಳದಲ್ಲಿದೆ. ತೊಡೆಯ ಅಥವಾ ಬೆನ್ನಿನ ದಪ್ಪ ಮಾಂಸದಲ್ಲಿ ನಿಂತ ಗುಂಡಿನ ಸುತ್ತ ಕೆಲವು ವಾರಗಳಲ್ಲಿ ನಾರಿನಂಥ ಗಟ್ಟಿ ಪೊರೆ ಬೆಳೆಯುತ್ತದೆ. ಆ ಪೊರೆಯಲ್ಲಿ ರಕ್ತಸಂಚಾರ ತೀರ ಕಡಮೆಯಾದ್ದರಿಂದ ಸೀಸ ಹೊರಕ್ಕೆ ಬರಲು ದಾರಿಯಿಲ್ಲ; ಇಂಥವರು ಬಹುಪಾಲು ಯಾವ ಕೇಡನ್ನೂ ಕಾಣದೆ ಆಯುಷ್ಯ ಕಳೆಯುತ್ತಾರೆ. ಕೀಲುಗಳೊಳಗಿನ ಸ್ಥಿತಿಯೇ ಬೇರೆ. ಮೊಣಕಾಲು, ಸೊಂಟ, ಭುಜ ಇವುಗಳ ಸಂಧಿಯಲ್ಲಿ ಎಲುಬುಗಳು ಸರಾಗವಾಗಿ ಜಾರಲೆಂದು ಪ್ರಕೃತಿಯು ತುಂಬಿಟ್ಟಿರುವ ಲೋಳೆಯಂಥ ದ್ರವಕ್ಕೆ ಸೀಸವನ್ನು ಕರಗಿಸುವ ಶಕ್ತಿ ರಕ್ತದ ದ್ರವಕ್ಕಿಂತ ಬಹಳ ಹೆಚ್ಚು. ಅದರ ಮೇಲೆ, ನಡೆದಾಗ, ಕುಳಿತೆದ್ದಾಗ, ಎಲುಬಿನ ತುದಿಗಳು ಆ ಚೂರನ್ನು ಹಗಲಿಡೀ ಅರೆಯುತ್ತಿರುತ್ತವೆ. ಬೆನ್ನೆಲುಬಿನ ಮಣಿಗಳ ನಡುವಣ ತಟ್ಟೆಯೊಳಗೂ, ಮಿದುಳುಬಳ್ಳಿಯನ್ನು ಸುತ್ತಿದ ದ್ರವದೊಳಗೂ, ಗುಂಡಿನ ಸುತ್ತ ನೀರು ತುಂಬಿ ಚೀಲದಂತಾದ ಜಾಗದೊಳಗೂ ಇದೇ ಬಗೆಯ ಅಪಾಯವುಂಟು. ಚೂರುಗಳ ಸಂಖ್ಯೆ ಹೆಚ್ಚಿದಷ್ಟೂ ದ್ರವಕ್ಕೆ ತಗಲುವ ಮೈ ಹೆಚ್ಚುವುದರಿಂದ, ಇಡಿಯಾದ ಒಂದು ದೊಡ್ಡ ಗುಂಡಿಗಿಂತ ಅಷ್ಟೇ ತೂಕದ ನೂರು ಚೂರುಗಳು ಹೆಚ್ಚು ಸೀಸವನ್ನು ಬಿಡುತ್ತವೆ. ಎಲುಬನ್ನು ಪುಡಿಗೈದು ಅಲ್ಲಿಯೇ ನೆಲೆನಿಂತ ಗುಂಡೂ ಇದೇ ಗುಂಪಿಗೆ ಸೇರಿದ್ದು.

ಬಹುಕಾಲ ಮೊಣಕಾಲಿನೊಳಗೆ ಗುಂಡನ್ನು ಹೊತ್ತವರ ಎಕ್ಸ್‌ರೇ ಫಿಲಮನ್ನು ಬೆಳಕಿಗೆ ಹಿಡಿದು ನೋಡಿದರೆ ಈ ಕ್ರಿಯೆಯು ಕಣ್ಣಿಗೇ ಕಾಣಿಸುತ್ತದೆ. ಆರಂಭದ ಫಿಲಮಿನಲ್ಲಿ ಅಂಚು ಸ್ಪಷ್ಟವಾದ ಒಂದೆರಡು ಬಿಳಿಯ ತುಣುಕುಗಳಷ್ಟೆ ಇರುತ್ತವೆ. ವರುಷಗಳ ಮೇಲಿನದರಲ್ಲಿ ಆ ತುಣುಕುಗಳ ಅಂಚು ಸವೆದು ಮಂಕಾಗಿ, ಕೀಲಿನ ಒಳಪೊರೆಯ ಉದ್ದಕ್ಕೂ ಮೃದ್ವಸ್ಥಿಯ ಮೇಲೂ ಬಿಳಿಯ ಹುಡಿ ಹರಡಿಕೊಂಡು, ಸಾಮಾನ್ಯವಾಗಿ ಎಕ್ಸ್‌ರೇಗೆ ಕಾಣಿಸದ ಕೀಲಿನ ಹೊರಗೆರೆಯೇ ಲೇಖನಿಯಿಂದ ತಿದ್ದಿದಂತೆ ಎದ್ದು ತೋರುತ್ತದೆ. ಆ ಬಿಳಿಯ ಗೆರೆಯೆಲ್ಲ ಸೀಸ. ಹೀಗೆ ಕಂಡ ಮೇಲೆ ರಕ್ತ ಪರೀಕ್ಷಿಸಲು ಒಂದು ದಿನವೂ ತಡಮಾಡಲಾಗದು; ಸೀಸವು ಆ ಕೀಲನ್ನೂ ಒಳಗಿನಿಂದ ಕೆಡಿಸಿ ಸಂಧಿವಾತವನ್ನು ತರುತ್ತದೆ.

ಇದರ ಇತಿಹಾಸದಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವ ವ್ಯಕ್ತಿ ಅಮೆರಿಕದ ಏಳನೆಯ ಅಧ್ಯಕ್ಷ ಆಂಡ್ರೂ ಜಾಕ್ಸನ್. 1806ರಲ್ಲಿ ಚಾರ್ಲ್ಸ್ ಡಿಕಿನ್ಸನ್ ಎಂಬವನೊಡನೆ ನಡೆದ ದ್ವಂದ್ವಯುದ್ಧದಲ್ಲಿ ಎದೆಗೆ ಹೊಕ್ಕ ಗುಂಡು ಹೃದಯದ ಸಮೀಪ ನಿಂತುದರಿಂದ ಅದನ್ನು ತೆಗೆಯುವ ಸಾಹಸಕ್ಕೆ ಯಾರೂ ಹೋಗಲಿಲ್ಲ. 1813ರಲ್ಲಿ ನ್ಯಾಷ್‌ವಿಲ್ಲಿನ ಜಗಳವೊಂದರಲ್ಲಿ ಎಡತೋಳಿಗೆ ಮತ್ತೊಂದು ಗುಂಡು ಬಿದ್ದು ಎಲುಬು ಮುರಿಯಿತು. ಈ ಎರಡನೆಯದನ್ನು ಹತ್ತೊಂಬತ್ತು ವರುಷ ಹೊತ್ತ ಮೇಲೆ, 1832ರಲ್ಲಿ, ಅರಿವಳಿಕೆಯೆಂಬುದು ಇನ್ನೂ ಹುಟ್ಟದ ಕಾಲದಲ್ಲಿ, ಅವರು ಅಧ್ಯಕ್ಷರಾಗಿದ್ದಾಗಲೇ ತೆಗೆಸಿಕೊಂಡರು. ಹೊಟ್ಟೆನುಲಿತ, ಮಲಬದ್ಧತೆ, ತಲೆನೋವು, ಕೆಮ್ಮಿನೊಡನೆ ರಕ್ತ ಇವು ಅವರನ್ನು ಬಾಳಿನುದ್ದಕ್ಕೂ ಕಾಡಿದವು. 1815 ಮತ್ತು 1839ರಲ್ಲಿ ಕತ್ತರಿಸಿ ಉಳಿಸಿದ್ದ ಅವರ ಕೂದಲನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯೊಂದು ಎರಡರಲ್ಲಿಯೂ ಸೀಸವು ಮಿತಿಮೀರಿದ್ದಿತೆಂದು ತಿಳಿಸಿತು. ಆ ಕಾಲದ ಔಷಧಗಳಲ್ಲಿಯೂ ಸೀಸವಿದ್ದುದರಿಂದ ಎಲ್ಲವನ್ನೂ ಗುಂಡಿನ ಮೇಲೆ ಹೊರಿಸುವಂತಿಲ್ಲ. ಅವರ ಮರಣಕ್ಕೆ ಸೀಸ ಕಾರಣವಾಗಿರಲಾರದೆಂದೇ ಆ ಪರೀಕ್ಷಕರು ತೀರ್ಮಾನಿಸಿದರು. ಆದರೆ ಒಬ್ಬ ಮನುಷ್ಯನ ನಿತ್ಯದ ನರಳಾಟಕ್ಕೆ ಅವನ ಮೈಯೊಳಗಿನ ಗುಂಡೂ ಒಂದು ಕಾರಣವಾಗಿರಬಹುದೆಂಬ ಪ್ರಶ್ನೆಯೇ ನನಗೆ ಮುಖ್ಯವಾಗಿ ತೋರುತ್ತದೆ. ಇಂದಿನ ರೋಗಿಗಳ ವಿಷಯದಲ್ಲಿ ಅದನ್ನು ಕೇಳುವವರು ಕಡಮೆ.

ಈ ಪೀಡೆಯ ಪ್ರಮಾಣವೆಷ್ಟು? ಕೋವಿಯ ಗಾಯದಿಂದ ವರುಷಕ್ಕೆ ಹತ್ತಾರು ಸಾವಿರ ಜನ ಬದುಕಿ ಉಳಿಯುವ ಅಮೆರಿಕದಲ್ಲಿ, ಅಲ್ಲಿಯ ರೋಗ ನಿಯಂತ್ರಣ ಕೇಂದ್ರವು 2017ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. 2003ರಿಂದ 2012ರವರೆಗೆ 41 ರಾಜ್ಯಗಳಲ್ಲಿ, ರಕ್ತದ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಇಲ್ಲವೆ ಅದಕ್ಕೂ ಮಿಗಿಲಾಗಿ ಸೀಸವಿದ್ದ ವಯಸ್ಕರು 1,45,811 ಮಂದಿ. ಅವರಲ್ಲಿ ಗುಂಡಿನ ಚೂರೇ ಮೂಲವೆಂದು ಗುರುತಿಸಿದ್ದು 457 ಮಂದಿಯನ್ನು, ಅಂದರೆ ನೂರಕ್ಕೆ 0.3ರಷ್ಟು. ಇಷ್ಟೇ ನೋಡಿದರೆ ಅತ್ಯಲ್ಪವೆನಿಸುತ್ತದೆ. ಆದರೆ 80 ಮೈಕ್ರೊಗ್ರಾಮನ್ನು ಮುಟ್ಟಿದ ಅಥವಾ ದಾಟಿದ, ಪ್ರಾಣಾಪಾಯದ ಅಂಚಿನಲ್ಲಿದ್ದವರನ್ನಷ್ಟೆ ತೆಗೆದುಕೊಂಡರೆ ಗುಂಡಿನ ಪಾಲು ನೂರಕ್ಕೆ 4.9ಕ್ಕೆ ಏರುತ್ತದೆ; ಒಬ್ಬರಲ್ಲಂತೂ 306 ಮೈಕ್ರೊಗ್ರಾಂ ಕಂಡುಬಂದಿತ್ತು. ಬ್ಯಾಟರಿ ಕಾರ್ಖಾನೆಯ ಕಾರ್ಮಿಕನ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಲು ನಿಯಮವುಂಟು, ಗುಂಡು ಹೊತ್ತವನ ರಕ್ತವನ್ನು ನೋಡಲು ಯಾವ ನಿಯಮವೂ ಇಲ್ಲ. ಆದ್ದರಿಂದ ಪತ್ತೆಯಾಗದೆ ಉಳಿದವರೂ ಇದ್ದೇ ಇರಬೇಕೆಂದು ಊಹಿಸುವುದು ಅತಿಶಯವಾಗದು.

ಕರಗಿದ ಸೀಸವು ರಕ್ತವನ್ನು ಸೇರಿದ ಮೇಲೆ ಅಲ್ಲಿ ಅದರ ಅರ್ಧಾಯುಷ್ಯ ಸುಮಾರು ಒಂದು ತಿಂಗಳು. ಸ್ವಲ್ಪ ಮೂತ್ರದಲ್ಲಿ ಹೊರಟುಹೋಗುತ್ತದೆ. ಉಳಿದದ್ದು ಸುಣ್ಣದ ಅಂಶದ ವೇಷದಲ್ಲಿ ಎಲುಬನ್ನು ಸೇರಿ ಹತ್ತಾರು ವರುಷ ಅಲ್ಲಿಯೇ ತಂಗುತ್ತದೆ. ವಯಸ್ಕರ ದೇಹದ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಎಲುಬಿನಲ್ಲಿಯೇ ಇರುವುದರಿಂದ ಎಲುಬನ್ನು ಸೀಸದ ಕಣಜವೆಂದರೂ ಸಲ್ಲುತ್ತದೆ. ಆ ಕಣಜದ ಬಾಯಿ ತೆರೆಯುವ ಸಂದರ್ಭಗಳುಂಟು: ಬಸಿರು, ಬಾಣಂತನ, ಥೈರಾಯಿಡ್ ಗ್ರಂಥಿಯ ಅತಿಕಾರ್ಯ, ಎಲುಬಿನ ಮುರಿತ, ಬಹುದಿನ ಹಾಸಿಗೆ ಹಿಡಿದ ಕಾಯಿಲೆ, ಮುಪ್ಪಿನಲ್ಲಿ ಎಲುಬು ಟೊಳ್ಳಾಗುವಿಕೆ. ಆದಕಾರಣ ಗುಂಡು ಬಿದ್ದ ಕೆಲವೇ ದಿನಗಳಲ್ಲಿ ವಿಷವೇರಿದ ಉದಾಹರಣೆಗಳಿರುವಂತೆಯೇ, ದಶಕಗಳ ನಂತರ, ರೋಗಿಯೇ ಆ ಗಾಯವನ್ನು ಮರೆತ ಕಾಲದಲ್ಲಿ ವಿಷ ಕಾಣಿಸಿಕೊಂಡ ಉದಾಹರಣೆಗಳೂ ವೈದ್ಯಗ್ರಂಥಗಳಲ್ಲಿವೆ.

ಲಕ್ಷಣಗಳನ್ನು ಹೇಳುವಾಗ ಒಂದು ಕಷ್ಟವುಂಟು. ಸೀಸದ್ದೇ ಎಂದು ಬೆರಳಿಟ್ಟು ತೋರಿಸಬಹುದಾದ ಲಕ್ಷಣ ಬಹುಶಃ ಒಂದೂ ಇಲ್ಲ. ಬಿಟ್ಟುಬಿಟ್ಟು ಬರುವ ಹೊಟ್ಟೆನುಲಿತ, ಮಲಬದ್ಧತೆ, ಹಸಿವಿಲ್ಲದಿರುವುದು, ಬಾಯಲ್ಲಿ ಲೋಹದ ರುಚಿ, ನಿಷ್ಕಾರಣವಾದ ಆಯಾಸ, ತಲೆನೋವು, ಸಿಡುಕು, ಮರೆವು, ನಿದ್ರಾಭಂಗ, ಕೀಲುನೋವು, ಕೈಕಾಲು ಜೋಮು. ಹೆಚ್ಚಾದಾಗ ಮಣಿಕಟ್ಟು ಎತ್ತಲಾರದೆ ಕೈ ಜೋತುಬೀಳುವುದು, ರಕ್ತಹೀನತೆ, ರಕ್ತದೊತ್ತಡ, ಮೂತ್ರಪಿಂಡದ ದೌರ್ಬಲ್ಯ. ತೀರ ಮೇಲೇರಿದಾಗ ಸೆಳವು, ಪ್ರಜ್ಞಾಹೀನತೆ. ಕೆಲವರ ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಮೂಡುವುದುಂಟು, ಎಲ್ಲರಲ್ಲಿಯೂ ಅಲ್ಲ. ಹೊಟ್ಟೆನೋವೆಂದು ಬಂದವನನ್ನು ಅಪೆಂಡಿಕ್ಸಿಗಾಗಿಯೋ ಪಿತ್ತಕೋಶದ ಕಲ್ಲಿಗಾಗಿಯೋ ಕೊಯ್ಯುವುದೂ, ರಕ್ತಹೀನತೆಗೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಕೊಡುವುದೂ, ಸಿಡುಕನ್ನು ಮನೋರೋಗವೆಂದು ಬಗೆಯುವುದೂ ಹೀಗೆಯೇ ಆಗುವುದು. ವೈದ್ಯರ ತಪ್ಪೆಂದರೆ ಅರ್ಧ ಮಾತ್ರ ನಿಜ. ರೋಗಿಯು ತನ್ನ ಹಳೆಯ ಗುಂಡಿನ ವಿಚಾರವನ್ನು ಹೇಳದಿದ್ದರೆ ಅವರಿಗಾದರೂ ತಿಳಿಯುವ ಬಗೆ ಯಾವುದು? ಆದ್ದರಿಂದ ಯಾವ ಕಾಯಿಲೆಗೆ ಹೋದರೂ, "ಡಾಕ್ಟರೇ, ನನ್ನ ಮೊಣಕಾಲ ಹತ್ತಿರ ಇಪ್ಪತ್ತು ವರ್ಷದ ಹಿಂದಿನ ಗುಂಡಿನ ಚೂರು ಉಂಟು, ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಒಮ್ಮೆ ನೋಡಿಸಬಹುದೇ?" ಎಂದು ಸಂಕೋಚವಿಲ್ಲದೆ ಕೇಳತಕ್ಕದ್ದು.

ಪರೀಕ್ಷೆ ಸರಳವಾದುದು. ತೋಳಿನ ರಕ್ತನಾಳದಿಂದ ತೆಗೆದ ಕೊಂಚ ರಕ್ತದಲ್ಲಿ ಸೀಸದ ಪ್ರಮಾಣವನ್ನು ಅಳೆಯುತ್ತಾರೆ. ಸಾಮಾನ್ಯ ರಕ್ತಪರೀಕ್ಷೆಗಳಲ್ಲಿ ಇದು ಸೇರಿರುವುದಿಲ್ಲವಾದ್ದರಿಂದ ಬೇರೆಯಾಗಿ ಹೆಸರು ಹೇಳಿ ಬರೆಸಬೇಕು. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರಿ ಲೆಕ್ಕ ತಪ್ಪಬಹುದು. ಹಾಗೆ ಹೆಚ್ಚು ಬಂದರೆ ನಾಳದ ರಕ್ತದಿಂದ ದೃಢಪಡಿಸಿಕೊಳ್ಳಬೇಕು. ಅಮೆರಿಕದಲ್ಲಿ 3.5 ಮೈಕ್ರೊಗ್ರಾಮನ್ನು ಗಮನಿಸತಕ್ಕ ಮಟ್ಟವೆಂದು ಇಟ್ಟುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ 5 ಮೈಕ್ರೊಗ್ರಾಂ ಮುಟ್ಟಿದ ಯಾರಲ್ಲಿಯೇ ಆಗಲಿ ಮೂಲವನ್ನು ಹುಡುಕಿ ನಿವಾರಿಸಬೇಕೆಂದಿತು. ಯಾವ ಮಟ್ಟದ ಸೀಸವೂ ದೇಹಕ್ಕೆ ಬೇಕಾದುದಲ್ಲ. ಗುಂಡಿನ ಗಾಯವಾದವರನ್ನು ಲಾಸ್ ಏಂಜಲೀಸಿನಲ್ಲಿ ಅನುಸರಿಸಿ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಮೂರು ತಿಂಗಳಲ್ಲಿ ರಕ್ತದ ಸೀಸ ಏರಿದ್ದು ಕಂಡುಬಂದಿತು. ಎಲುಬು ಮುರಿದವರಲ್ಲಿ, ಹೆಚ್ಚು ಚೂರುಗಳಿದ್ದವರಲ್ಲಿ ಆ ಏರಿಕೆ ಅಧಿಕ. ಆದ್ದರಿಂದ ಗಾಯವಾದ ಹೊಸತರಲ್ಲಿ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಅನಂತರ ವರುಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯ ಕ್ರಮ. ಕೀಲಿನ ಗುಂಡಿದ್ದವರಿಗೆ ವೈದ್ಯರು ಇನ್ನೂ ಬೇಗಬೇಗನೆ ಹೇಳಬಹುದು.

ಸೀಸ ಏರಿದುದು ಖಚಿತವಾದಾಗ ಚಿಕಿತ್ಸೆಯ ಮುಖ್ಯಾಂಗ ಮೂಲವನ್ನು ತೆಗೆದುಹಾಕುವುದೇ. ಕೀಲಿನೊಳಗೆ, ಬೆನ್ನೆಲುಬಿನ ತಟ್ಟೆಯಲ್ಲಿ, ಮಿದುಳುಬಳ್ಳಿಯ ದ್ರವದಲ್ಲಿ ಇರುವ ಗುಂಡನ್ನು ಸಾಧ್ಯವಾದರೆ ವಿಷ ಏರುವುದಕ್ಕೆ ಮೊದಲೇ ತೆಗೆಯುವುದು ಲೇಸೆಂಬುದು ಇಂದಿನ ಮತ. ಸೀಸವನ್ನು ಹಿಡಿದುಕೊಂಡು ಮೂತ್ರದ ಮೂಲಕ ಹೊರಡಿಸುವ ಔಷಧಗಳಿವೆ. ಕ್ಯಾಲ್ಸಿಯಂ ಇಡಿಟಿಎ, ಡೈಮರ್ಕಾಪ್ರಾಲ್, ಸಕ್ಸಿಮರ್ ಇವುಗಳಿಂದ ಮಾಡುವ ಈ ಚಿಕಿತ್ಸೆಗೆ ಕೀಲೇಷನ್ ಎನ್ನುತ್ತಾರೆ. ಗುಂಡನ್ನು ಒಳಗಿಟ್ಟುಕೊಂಡು ಬರಿಯ ಕೀಲೇಷನ್ ಮಾಡಿಸಿದರೆ ಇಳಿದ ಸೀಸ ಮತ್ತೆ ಏರುತ್ತದೆ. ಹಾಗೆಯೇ, ಸೀಸ ತುಂಬ ಮೇಲಿರುವಾಗ ಕೀಲೇಷನ್ ಮಾಡದೆ ಅವಸರದಲ್ಲಿ ಕೊಯ್ದರೆ, ಕೆದಕಿದ ಅಂಗಾಂಶದಿಂದ ಮತ್ತಷ್ಟು ಸೀಸ ರಕ್ತಕ್ಕೆ ನುಗ್ಗಬಹುದು. ಆದ್ದರಿಂದ ಮೊದಲು ಔಷಧದಿಂದ ಇಳಿಸಿ ಆಮೇಲೆ ಶಸ್ತ್ರಚಿಕಿತ್ಸೆ ಮಾಡುವುದು ರೂಢಿ. "ದೇಹಶುದ್ಧಿ"ಯ ಹೆಸರಿನಲ್ಲಿ ಆಸ್ಪತ್ರೆಯ ಹೊರಗೆ ಈ ಔಷಧಗಳನ್ನು ಏರಿಸಿಕೊಳ್ಳುವುದು ಮಾತ್ರ ಕೂಡದು. ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ, ಸುಣ್ಣದ ಅಂಶವನ್ನು ಪ್ರಾಣಾಂತಕವಾಗಿ ಇಳಿಸಬಲ್ಲ ಬಗೆಗಳು ಅವುಗಳಲ್ಲಿವೆ.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ತಾಯಿಯ ರಕ್ತದ ಸೀಸಕ್ಕೆ ಗರ್ಭವೇಷ್ಟನವು ತಡೆಯಲ್ಲ. ಶಿಶುವಿನ ಬೆಳೆಯುತ್ತಿರುವ ಮಿದುಳಿಗೆ ಅದು ಹಾನಿಕರ, ಗರ್ಭಪಾತಕ್ಕೂ ಅಕಾಲ ಪ್ರಸವಕ್ಕೂ ಕಾರಣವಾಗಬಲ್ಲುದು. ಮೈಯಲ್ಲಿ ಚೂರಿರುವ ಹೆಂಗಸು ಮಗುವನ್ನು ಬಯಸಿದಾಗ ಮೊದಲೇ ರಕ್ತ ಪರೀಕ್ಷಿಸಿಕೊಂಡು, ಬಸಿರಿನಲ್ಲಿ ಮತ್ತೊಮ್ಮೆ ನೋಡಿಸಿಕೊಂಡು, ಸುಣ್ಣದ ಅಂಶ ಮತ್ತು ಕಬ್ಬಿಣ ಕಡಮೆಯಾಗದಂತೆ ಊಟದಲ್ಲಿ ಹಾಲು, ಮೊಸರು, ರಾಗಿ, ಸೊಪ್ಪುಗಳನ್ನು ಇಟ್ಟುಕೊಳ್ಳುವುದು ಅವಶ್ಯ. ಇವು ಕೊರೆಯಾದಾಗ ದೇಹವು ಸೀಸವನ್ನು ಹೆಚ್ಚಾಗಿ ಹಿಡಿಯುತ್ತದೆ. ಹಾಗೆಂದು ಮೈಯಲ್ಲಿ ಗುಂಡಿದ್ದವರನ್ನು ಮುಟ್ಟಿದರೆ, ಅವರ ಜೊತೆ ಉಂಡರೆ ಯಾರಿಗೂ ಏನೂ ಆಗುವುದಿಲ್ಲ.

ಇದು ಅಮೆರಿಕದ ಮಾತಾಯಿತು, ನಮಗೇನು ಎನ್ನುವವರು ಕೊಡಗನ್ನೂ ಮಲೆನಾಡನ್ನೂ ನೆನೆಯಬಹುದು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ, ಪರವಾನಗಿಯ ವಿನಾಯಿತಿಯನ್ನು ಪರಂಪರೆಯಿಂದ ಪಡೆದ ನಾಡು ಕೊಡಗು. ಮಲೆನಾಡಿನ ತೋಟಗಳಲ್ಲಿ ಕಾಡುಹಂದಿಯಿಂದ ಬೆಳೆ ಕಾಯಲು ಒಂಟಿನಳಿಗೆಯ ಕೋವಿಯನ್ನಿಟ್ಟುಕೊಂಡ ಮನೆಗಳು ಎಷ್ಟೋ. ಕತ್ತಲಲ್ಲಿ ಪ್ರಾಣಿಯೆಂದು ಬಗೆದು ಮನುಷ್ಯನಿಗೆ ಹೊಡೆದ, ಕೋವಿ ಕೈಜಾರಿ ಸಿಡಿದ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಚರೆ ತಗಲಿದವರ ಮುಂಗೈಯಲ್ಲಿ, ಚರ್ಮದ ಕೆಳಗೆ, ಬೆರಳಿಂದ ಒತ್ತಿದರೆ ಅತ್ತಿತ್ತ ಜಾರುವ ಕಾಳಿನಂಥ ಗಂಟುಗಳನ್ನು ಕಾಣಬಹುದು. ಅವುಗಳ ಭಯ ಅಷ್ಟಿಲ್ಲ, ಅದೇ ಏಟಿನಲ್ಲಿ ಮೊಣಕೈಯ ಕೀಲನ್ನು ಸೇರಿ ಕೈಗೆ ಸಿಕ್ಕದೆ ಹೋದವುಗಳದ್ದೇ ಚಿಂತೆ. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್ ಕೋವಿಗಳಿಂದ ಗಾಯಗೊಂಡ ನೂರಾರು ಜನರಿಗೆ ಕಣ್ಣಿನ ಚಿಕಿತ್ಸೆಯ ತುರ್ತು ಮುಗಿದ ಮೇಲೂ ಮೈತುಂಬ ಉಳಿದ ಚರೆಗಳ ಈ ಪ್ರಶ್ನೆ ಉಳಿದೇ ಇದೆ. ಸೈನ್ಯದಿಂದ ನಿವೃತ್ತರಾದವರ ಮೈಯಲ್ಲಿನ ಶೆಲ್ಲಿನ ಚೂರುಗಳು ಬಹುಪಾಲು ಉಕ್ಕಾದುದರಿಂದ ಅವರಿಗೆ ಸೀಸದ ಭಯ ಕಡಮೆ, ಗುಂಡು ಬಿದ್ದವರಿಗೆ ಉಂಟು.

ಗುಂಡಿನಿಂದ ಬರುವ ಸೀಸದ ಮೇಲೆ ಬೇರೆ ಕಡೆಯ ಸೀಸವನ್ನು ಹೇರಿಕೊಳ್ಳದಿರುವುದೂ ರೋಗಿಯ ಕೈಯಲ್ಲಿದೆ: ಮನೆಯಲ್ಲಿ ಗುಂಡು ಎರಕ ಹೊಯ್ಯುವುದು, ಹಳೆಯ ಬ್ಯಾಟರಿ ಒಡೆಯುವ ಕೆಲಸ, ಹಳೆಯ ಬಣ್ಣ ಕೆರೆಯುವುದು, ಮೂಲ ಗೊತ್ತಿಲ್ಲದ ಭಸ್ಮಗಳು ಇವನ್ನು ಬಿಡಬೇಕು. ನಾಗಭಸ್ಮವನ್ನು ತಯಾರಿಸುವುದು ಸೀಸದಿಂದಲೇ. ಈ ವಿಷಯದಲ್ಲಿ ಕನ್ನಡಿಗರಿಗೆ ಹತ್ತಿರದ ಹೆಸರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ಡಾ. ವೆಂಕಟೇಶ್ ತುಪ್ಪಿಲ್ ಅವರದು. ಸೀಸದ ವಿಷವನ್ನು ನಮ್ಮ ದೇಶದ ಗಮನಕ್ಕೆ ತರಲು ಅವರು ಪಟ್ಟ ಶ್ರಮ ದೊಡ್ಡದು.

ಕಾಗದಪತ್ರಗಳ ಮಾತು ಸಣ್ಣದೆನಿಸಿದರೂ ಸಣ್ಣದಲ್ಲ. ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಗುಂಡು ಎಲ್ಲಿ, ಎಷ್ಟು ಚೂರು ಉಳಿದಿವೆ, ಕೀಲಿನಿಂದ ಎಷ್ಟು ದೂರ ಎಂಬುದನ್ನು ಬರೆಸಿಕೊಂಡು, ಎಕ್ಸ್‌ರೇಯ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಎಂ.ಆರ್.ಐ. ಮಾಡಿಸುವ ಪ್ರಸಂಗ ಬಂದಾಗ ಗುಂಡಿನ ವಿಷಯವನ್ನು ಮೊದಲೇ ತಿಳಿಸಬೇಕು. ಸೀಸವನ್ನೂ ತಾಮ್ರವನ್ನೂ ಅಯಸ್ಕಾಂತ ಸೆಳೆಯುವುದಿಲ್ಲ, ಆದರೆ ಕಲಾಶ್ನಿಕೋವ್ ಬಂದೂಕಿನ ಸಾಮಾನ್ಯ ಗುಂಡಿನಲ್ಲಿರುವಂಥ ಉಕ್ಕಿನ ತಿರುಳು ಜರುಗಬಹುದು. ಹಳೆಯ ಫಿಲಮಿನಲ್ಲಿ ಒಂದೆಡೆ ಇದ್ದ ಗುಂಡು ಹೊಸದರಲ್ಲಿ ಬೇರೆಡೆ ಕಂಡರೆ ಅದನ್ನೂ ವೈದ್ಯರಿಗೆ ತೋರಿಸತಕ್ಕದ್ದು. ಮಾಂಸದಿಂದ ಕೀಲಿಗೆ ಸರಿದ ಗುಂಡುಗಳುಂಟು.

ಶಸ್ತ್ರಚಿಕಿತ್ಸೆಯಿಂದ ಗುಂಡು ಹೊರಬಂದ ಮೇಲೂ ಪರೀಕ್ಷೆಯನ್ನು ನಿಲ್ಲಿಸಬಾರದು. ಮೊದಲ ವಾರಗಳಲ್ಲಿ ರಕ್ತದ ಸೀಸ ಥಟ್ಟನೆ ಇಳಿದು, ಎಲುಬಿನಲ್ಲಿದ್ದದ್ದು ಬಿಡುಗಡೆಯಾದಂತೆ ಮತ್ತೆ ಕೊಂಚ ಏರಿ, ಆಮೇಲೆ ತಿಂಗಳುಗಳ, ಕೆಲವರಲ್ಲಿ ವರುಷಗಳ ಅವಧಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಆ ನಡುವಿನ ಏರಿಕೆಯನ್ನು ಕಂಡು ಚಿಕಿತ್ಸೆ ವ್ಯರ್ಥವಾಯಿತೆಂದು ಎದೆಗುಂದಬೇಕಾದುದಿಲ್ಲ. ಅದು ಎಷ್ಟಾದರೆ ಮತ್ತೊಂದು ಸುತ್ತು ಕೀಲೇಷನ್ ಬೇಕು, ಎಷ್ಟಾದರೆ ಕಾದು ನೋಡಬಹುದು ಎಂಬುದನ್ನು ಲಕ್ಷಣಗಳನ್ನೂ ಮೂತ್ರಪಿಂಡದ ಸ್ಥಿತಿಯನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ.